ಊರ ಮಾಜಿ ಸೈನಿಕರ ಪೋಸ್ಟ್: ಬಾಗಿಲಲ್ಲಿ ಯಾರನ್ನು ಒಳಗೆ ಬಿಟ್ಟರು?

ಅಮೆರಿಕದ ಸಣ್ಣ ಊರುಗಳಲ್ಲಿ ಒಂದು ಬಗೆಯ ಕಟ್ಟಡ ಮೇಲಿಂದ ಮೇಲೆ ಕಣ್ಣಿಗೆ ಬೀಳುತ್ತದೆ. ಮುಂದೆ ಬಾವುಟದ ಕಂಬ. ಕೆಲವು ಕಡೆ ಅಂಗಳದಲ್ಲಿ ಒಂದು ಹಳೇ ಫಿರಂಗಿ. ಗೋಡೆ ಮೇಲೆ 'ಅಮೆರಿಕನ್ ಲೀಜನ್' ಅಂತ ಬರೆದು, ಅದರ ಕೆಳಗೆ ಯಾರದೋ ಹೆಸರು, ಪಕ್ಕದಲ್ಲಿ ಒಂದು ನಂಬರು. ಹೊರಗಿಂದ ನೋಡಿದವರಿಗೆ ಇದು ಕ್ಲಬ್ಬೋ, ಬಾರೋ, ಸ್ಮಾರಕವೋ, ಸರ್ಕಾರಿ ಕಚೇರಿಯೋ ಗೊತ್ತಾಗುವುದಿಲ್ಲ. ಹಲವು ಕಡೆ ಅದು ಮೊದಲ ಮೂರೂ ಹೌದು. ಸರ್ಕಾರಿ ಕಚೇರಿ ಮಾತ್ರ ಅಲ್ಲ.

ಇದನ್ನು ಪೋಸ್ಟ್ ಅನ್ನುತ್ತಾರೆ. ಅಮೆರಿಕನ್ ಲೀಜನ್‌ನಂಥ ಮಾಜಿ ಸೈನಿಕರ ಸಂಘದ ಊರ ಶಾಖೆ ಇದು. ಇಂಥ ಶಾಖೆಗಳ ಚರಿತ್ರೆ ಅಂತ ಬರೆಯುವವರು ಸಾಮಾನ್ಯವಾಗಿ ಕಮಾಂಡರ್‌ಗಳ ಪಟ್ಟಿ ಕೊಡುತ್ತಾರೆ, ಕಟ್ಟಡ ಎದ್ದ ವರ್ಷ ಹೇಳುತ್ತಾರೆ, ಮೆರವಣಿಗೆಯ ನಾಲ್ಕು ಫೋಟೋ ಹಾಕುತ್ತಾರೆ. ಓದಿ ಮುಗಿಸಿದ ಮೇಲೆ ತಲೆಯಲ್ಲಿ ಏನೂ ಉಳಿಯುವುದಿಲ್ಲ. ನನ್ನನ್ನು ಕೇಳಿದರೆ ಒಂದೇ ಪ್ರಶ್ನೆ ಹಿಡಿದುಕೊಂಡು ಹೋದರೆ ಸಾಕು. ಬಾಗಿಲಲ್ಲಿ ಯಾರನ್ನು ಒಳಗೆ ಬಿಟ್ಟರು, ಯಾರನ್ನು ಹೊರಗೆ ನಿಲ್ಲಿಸಿದರು? ಈ ಸಂಘಗಳ ಏಳುಬೀಳೆಲ್ಲ ಹೆಚ್ಚುಕಡಿಮೆ ಅದರಲ್ಲೇ ಇದೆ.

ಮೊದಲು ಲೀಜನ್‌ಗಿಂತ ಹಿಂದಿನ ಕಥೆ. ಉತ್ತರದ ಮತ್ತು ದಕ್ಷಿಣದ ರಾಜ್ಯಗಳ ನಡುವೆ ನಡೆದ ಅಮೆರಿಕದ ಅಂತರ್ಯುದ್ಧ 1865ರಲ್ಲಿ ಮುಗಿಯಿತು. ಮರುವರ್ಷ, 1866ರ ಏಪ್ರಿಲ್ 6ರಂದು, ಇಲಿನಾಯ್ ರಾಜ್ಯದ ಡಿಕೇಟರ್ ಎಂಬ ಊರಿನಲ್ಲಿ ಬೆಂಜಮಿನ್ ಸ್ಟೀಫನ್‌ಸನ್ ಎಂಬ ಸೇನಾ ವೈದ್ಯ 'ಗ್ರ್ಯಾಂಡ್ ಆರ್ಮಿ ಆಫ್ ದಿ ರಿಪಬ್ಲಿಕ್' ಎಂಬ ಸಂಘದ ಮೊದಲ ಪೋಸ್ಟ್ ಶುರು ಮಾಡಿದ. ಉತ್ತರದ ಸೈನ್ಯದಲ್ಲಿ ದುಡಿದವರಿಗೆ ಮಾತ್ರ ಪ್ರವೇಶ. ಇವತ್ತು ನಾವು ನೋಡುವ ಪೋಸ್ಟ್‌ಗಳ ಅಚ್ಚು ಅಲ್ಲೇ ತಯಾರಾಯಿತು. ಊರಿಗೆ ಪೋಸ್ಟ್, ರಾಜ್ಯಕ್ಕೆ ಡಿಪಾರ್ಟ್‌ಮೆಂಟ್, ಮೇಲೆ ರಾಷ್ಟ್ರಮಟ್ಟದ ಕಮಾಂಡರ್, ವರ್ಷಕ್ಕೊಂದು ದೊಡ್ಡ ಸಮಾವೇಶ. ಸತ್ತ ಸೈನಿಕರ ಸಮಾಧಿಗಳಿಗೆ 1868ರ ಮೇ 30ರಂದು ಹೂವಿಡಿ ಅಂತ ಇದರ ಮುಖ್ಯಸ್ಥ ಜಾನ್ ಲೋಗನ್ ಎಲ್ಲ ಪೋಸ್ಟ್‌ಗಳಿಗೆ ಆದೇಶ ಕಳಿಸಿದ. ಈಗ ಅಮೆರಿಕ ದೇಶವೇ ರಜೆ ಹಾಕುವ 'ಮೆಮೋರಿಯಲ್ ಡೇ' ಬೆಳೆದಿದ್ದು ಆ ಆದೇಶದಿಂದ.

ಹಾಗಂತ ಶುರುವಿನಿಂದಲೇ ಭರ್ಜರಿಯಾಗಿ ನಡೆಯಿತು ಅಂದುಕೊಳ್ಳಬೇಡಿ. 1869ರಲ್ಲಿ ಯಾರಿಗೋ ಒಂದು ಯೋಚನೆ ಹೊಳೆಯಿತು. ಸದಸ್ಯರನ್ನು ಮೂರು ದರ್ಜೆಗಳಾಗಿ ವಿಂಗಡಿಸೋಣ, ಒಂದೊಂದೇ ಮೆಟ್ಟಿಲು ಹತ್ತಿ ಬರಲಿ ಅಂತ. ಯುದ್ಧದಲ್ಲಿ ವರ್ಷಗಟ್ಟಲೆ ಅಧಿಕಾರಿಗಳಿಗೆ ಸಲಾಂ ಹೊಡೆದು ಸುಸ್ತಾಗಿದ್ದವರು ಮನೆಗೆ ಬಂದ ಮೇಲೂ ದರ್ಜೆ ಅಂದರೆ ಕೇಳುತ್ತಾರಾ? ಜನ ಗುಂಪುಗುಂಪಾಗಿ ಬಿಟ್ಟು ಹೋದರು. ಎರಡೇ ವರ್ಷದಲ್ಲಿ ಆ ಪದ್ಧತಿ ಕೈಬಿಡಬೇಕಾಯಿತು. ಈ ಪಾಠ ಮುಂದಿನವರಿಗೆ ಚೆನ್ನಾಗಿ ನೆನಪಿತ್ತು ಅನಿಸುತ್ತದೆ, ಆ ಮಾತಿಗೆ ಆಮೇಲೆ ಬರುತ್ತೇನೆ.

1890ರ ಹೊತ್ತಿಗೆ ಸದಸ್ಯರು 4 ಲಕ್ಷ ದಾಟಿದ್ದರು. ಪಿಂಚಣಿ ಕಾನೂನುಗಳ ಹಿಂದೆ ಇವರ ಒತ್ತಾಯ ಇತ್ತು. ಗ್ರ್ಯಾಂಟ್‌ನಿಂದ ಮೆಕಿನ್ಲಿವರೆಗೆ ದೇಶದ ಐದು ಅಧ್ಯಕ್ಷರು ಇದೇ ಸಂಘದ ಸದಸ್ಯರು. ಇಷ್ಟೆಲ್ಲ ಬಲ ಇದ್ದರೂ ಬಾಗಿಲು ಮಾತ್ರ ಒಂದೇ ಯುದ್ಧಕ್ಕೆ ಮೀಸಲು. 1898ರಲ್ಲಿ ಸ್ಪೇನ್ ಜೊತೆ ಯುದ್ಧವಾಯಿತು, ಹೊಸ ಸೈನಿಕರು ಮನೆಗೆ ಬಂದರು. ಗ್ರ್ಯಾಂಡ್ ಆರ್ಮಿ ಅವರನ್ನು ಸೇರಿಸಿಕೊಳ್ಳಲಿಲ್ಲ. ಆಮೇಲಿನ ಲೆಕ್ಕ ಸುಲಭ. ವಯಸ್ಸಾಯಿತು, ಒಬ್ಬೊಬ್ಬರೇ ಹೋದರು, ಪೋಸ್ಟ್‌ಗಳಿಗೆ ಬೀಗ ಬಿತ್ತು. 1949ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ನಡೆದ ಕೊನೆಯ ಸಮಾವೇಶಕ್ಕೆ ಬಂದವರು ಆರು ಜನ, ಎಲ್ಲರೂ ನೂರರ ಆಸುಪಾಸಿನವರು. 1956ರ ಆಗಸ್ಟ್ 2ರಂದು ಮಿನೆಸೋಟಾದ ಡುಲೂತ್‌ನಲ್ಲಿ ಆಲ್ಬರ್ಟ್ ವುಲ್ಸನ್ ತೀರಿಕೊಂಡಾಗ ಸಂಘವೂ ಮುಗಿಯಿತು. ಆತ ಹುಡುಗನಾಗಿದ್ದಾಗ ಸೈನ್ಯದಲ್ಲಿ ಡ್ರಮ್ ಬಾರಿಸುತ್ತಿದ್ದವನು. ದೊಡ್ಡ ದೊಡ್ಡ ಜನರಲ್‌ಗಳು ಕಟ್ಟಿದ ಸಂಘಕ್ಕೆ ಕೊನೆಗೆ ಉಳಿದಿದ್ದು ಡ್ರಮ್ ಹುಡುಗ.

ಈಗ ಲೀಜನ್. 1918ರ ನವೆಂಬರ್‌ನಲ್ಲಿ ಮೊದಲ ಮಹಾಯುದ್ಧ ನಿಂತಿತು. ಆದರೆ ಫ್ರಾನ್ಸಿನಲ್ಲಿದ್ದ ಸುಮಾರು 20 ಲಕ್ಷ ಅಮೆರಿಕನ್ ಸೈನಿಕರನ್ನು ವಾಪಸ್ ತರಲು ಅಷ್ಟು ಹಡಗು ಎಲ್ಲಿಂದ ಬರಬೇಕು? ತಿಂಗಳುಗಟ್ಟಲೆ ಕಾಯುವುದು, ಕೆಲಸವಿಲ್ಲದೆ ಸುಮ್ನೆ ಕವಾಯತು ಮಾಡುವುದು, ಬೇಜಾರು, ಸಿಟ್ಟು. ಇನ್ನೊಂದು ಕಡೆ ರಷ್ಯಾದಲ್ಲಿ ಕ್ರಾಂತಿಯಾಗಿತ್ತು, ಸಿಟ್ಟಾದ ಸೈನಿಕರು ಏನು ಮಾಡಬಲ್ಲರು ಅಂತ ಎಲ್ಲರೂ ನೋಡಿದ್ದರು. ಹಿಂದಿನ ಅಧ್ಯಕ್ಷರ ಮಗ ಥಿಯೋಡರ್ ರೂಸ್‌ವೆಲ್ಟ್ ಜೂನಿಯರ್ ಮತ್ತು ಕೆಲವು ಅಧಿಕಾರಿಗಳು ಮುಂದಾಗಿ, 1919ರ ಮಾರ್ಚ್ 15ರಿಂದ 17ರವರೆಗೆ ಪ್ಯಾರಿಸ್‌ನಲ್ಲಿ ಸಭೆ ಸೇರಿದರು. ಮೇ ತಿಂಗಳಲ್ಲಿ ಸೇಂಟ್ ಲೂಯಿಸ್‌ನಲ್ಲಿ ಇನ್ನೊಂದು ಸಭೆ. ಸೆಪ್ಟೆಂಬರ್ 16ಕ್ಕೆ ಅಮೆರಿಕದ ಸಂಸತ್ತು ಸನ್ನದು ಕೊಟ್ಟಿತು. ಇಷ್ಟು ಬೇಗ ಕೆಲಸ ಆಗಿದ್ದು ಸೈನಿಕರ ಮೇಲಿನ ಪ್ರೀತಿಯಿಂದ ಮಾತ್ರ ಅಲ್ಲ, ಸ್ವಲ್ಪ ಭಯದಿಂದಲೂ ಹೌದು.

ಗ್ರ್ಯಾಂಡ್ ಆರ್ಮಿಯ ಪಾಠ ನೆನಪಿತ್ತು ಅಂದೆನಲ್ಲ, ಅದು ಇಲ್ಲಿದೆ. ಲೀಜನ್‌ನ ಸಂವಿಧಾನದಲ್ಲೇ ಬರೆದಿದ್ದಾರೆ: ಇಲ್ಲಿ ರ‍್ಯಾಂಕ್ ಎಂಬುದಿಲ್ಲ, ಸಭೆಯಲ್ಲಿ ಯಾರನ್ನೂ ಸೈನ್ಯದ ಪದವಿ ಹಿಡಿದು ಕರೆಯುವಂತಿಲ್ಲ. ಜನರಲ್ ಆಗಿದ್ದವನೂ ಅಡುಗೆಯವನಾಗಿದ್ದವನೂ ಅಕ್ಕಪಕ್ಕದ ಕುರ್ಚಿಯಲ್ಲಿ ಕೂರಬೇಕು. ಪರಸ್ಪರ ಕರೆಯುವುದು 'ಕಾಮ್ರೇಡ್' ಅಂತ. ಕಮ್ಯುನಿಸ್ಟರ ಭಯದಲ್ಲಿ ಹುಟ್ಟಿದ ಸಂಘದಲ್ಲಿ ಈ ಪದ ಕೇಳಿದರೆ ನಗು ಬರುತ್ತದೆ ಅಲ್ವಾ? ಆದರೆ ಅಂತರ್ಯುದ್ಧದ ಕಾಲದಿಂದಲೂ ಅದು ಸೈನಿಕರದೇ ಪದ.

ಗೋಡೆ ಮೇಲಿನ ಹೆಸರಿನ ಗುಟ್ಟು ಏನು? ಮೊದಲ ಪೋಸ್ಟ್ ಶುರುವಾಗಿದ್ದು ವಾಷಿಂಗ್ಟನ್ ನಗರದಲ್ಲಿ. ಫ್ರಾನ್ಸಿನಲ್ಲಿ ಸೈನ್ಯ ನಡೆಸಿದ ಪರ್ಶಿಂಗ್ ಹೆಸರನ್ನೇ ಅದಕ್ಕಿಟ್ಟರು. ಅಷ್ಟರಲ್ಲಿ ಬದುಕಿರುವವರ ಹೆಸರು ಇಡಬಾರದು ಅಂತ ತೀರ್ಮಾನವಾಯಿತು, ಪರ್ಶಿಂಗ್ ಹೋಗಿ ಜಾರ್ಜ್ ವಾಷಿಂಗ್ಟನ್ ಬಂದ. ಈ ಒಂದು ತೀರ್ಮಾನ ಸಾವಿರಾರು ಊರುಗಳ ಗೋಡೆಯನ್ನು ಬದಲಿಸಿತು. ಬದುಕಿರುವ ದೊಡ್ಡವರು ಬೇಡ ಅಂದ ಮೇಲೆ ಉಳಿದವರು ಯಾರು? ಆ ಊರಿನಿಂದ ಹೋಗಿ ಸತ್ತ ಹುಡುಗರು. ಮೊದಲ ಮಹಾಯುದ್ಧದ ಕಾಳಗದಲ್ಲಿ ಮೊದಲು ಸತ್ತ ಮೂವರು ಅಮೆರಿಕನ್ ಸೈನಿಕರಲ್ಲಿ ಅಯೋವಾ ರಾಜ್ಯದ ಗ್ಲಿಡನ್ ಊರಿನ ಮರ್ಲ್ ಹೇ ಒಬ್ಬ. ಅವನ ಊರಿನ ಪೋಸ್ಟಿಗೆ ಅವನದೇ ಹೆಸರು. ಎಷ್ಟೋ ಕಡೆ ಹೆಸರು ಎರಡು ಮೂರು ಜೋಡಿಯಾಗಿರುತ್ತದೆ. ಹಾಗಿದ್ದರೆ ಸಾಮಾನ್ಯವಾಗಿ ಒಂದು ಮೊದಲ ಯುದ್ಧದ ಹುಡುಗನದು, ಇನ್ನೊಂದು ಎರಡನೆಯದರ ಹುಡುಗನದು. ಬೋರ್ಡ್ ಓದಿದರೆ ಊರಿನ ಲುಕ್ಸಾನು ಗೊತ್ತಾಗುತ್ತದೆ. ನಂಬರು ಅಂದರೆ ಆ ರಾಜ್ಯದ ಒಳಗಿನ ಕ್ರಮಸಂಖ್ಯೆ, ಅಷ್ಟೇ.

ಹೊಸ ಪೋಸ್ಟ್ ತೆರೆಯಲು ಕನಿಷ್ಠ 15 ಸದಸ್ಯರು ಬೇಕು. ಕಮಾಂಡರ್, ಪತ್ರವ್ಯವಹಾರ ನೋಡುವ ಅಡ್ಜುಟಂಟ್, ಹಣ ನೋಡುವವರು, ಪ್ರಾರ್ಥನೆಗೆ ಚಾಪ್ಲಿನ್, ಇವರೆಲ್ಲ ಇರುತ್ತಾರೆ. ನನ್ನ ಪ್ರಕಾರ ಇವರಲ್ಲಿ ನಿಜವಾದ ಕೆಲಸದ ಮನುಷ್ಯ 'ಸರ್ವಿಸ್ ಆಫೀಸರ್'. ಗಾಯದ ಪರಿಹಾರ, ಆಸ್ಪತ್ರೆ, ವಿಧವೆಯರ ಪಿಂಚಣಿ, ಇವಕ್ಕೆಲ್ಲ ಅರ್ಜಿ ತುಂಬಿಸುವುದು, ಕಚೇರಿಗೆ ಕಳಿಸುವುದು, ತಿರಸ್ಕಾರವಾದರೆ ಮೇಲ್ಮನವಿ ಹಾಕಿಸುವುದು ಈತನ ಕೆಲಸ. ಮೆರವಣಿಗೆಯ ಫೋಟೋದಲ್ಲಿ ಇವರು ಕಾಣುವುದು ಕಡಿಮೆ.

ಈ ಕಾಗದಪತ್ರದ ಬೆಲೆ ಏನು ಅಂತ 1973ರಲ್ಲಿ ಗೊತ್ತಾಯಿತು. ಜುಲೈ 12ರಂದು ಸೇಂಟ್ ಲೂಯಿಸ್ ಹತ್ತಿರ ಸೇನಾ ದಾಖಲೆಗಳ ಸರ್ಕಾರಿ ಕಟ್ಟಡಕ್ಕೆ ಬೆಂಕಿ ಬಿತ್ತು. ಸುಮಾರು 1.6ರಿಂದ 1.8 ಕೋಟಿ ಕಡತಗಳು ಸುಟ್ಟವು. 1912ರಿಂದ 1960ರ ನಡುವೆ ಭೂಸೇನೆ ಬಿಟ್ಟವರ ದಾಖಲೆಗಳಲ್ಲಿ ನೂರಕ್ಕೆ 80ರಷ್ಟು ಹೋಯಿತು, ನಕಲೂ ಇರಲಿಲ್ಲ. ಆಮೇಲೆ ಪರಿಹಾರ ಕೇಳುವವರು ತಾನು ಸೈನ್ಯದಲ್ಲಿದ್ದೆ, ಇಂಥಲ್ಲಿ ಗಾಯವಾಯಿತು ಅಂತ ಬೇರೆ ರೀತಿಯಲ್ಲಿ ತೋರಿಸಬೇಕಾಯಿತು. ಹಳೇ ಕಾಗದ, ಫೋಟೋ, ಜೊತೆಗಿದ್ದವರ ಹೇಳಿಕೆ. ಜೊತೆಗಿದ್ದವರು ಸಿಗುವುದು ಎಲ್ಲಿ? ಪೋಸ್ಟ್‌ನಲ್ಲಿ. ಹರಟೆ ಹೊಡೆಯುವ ಜಾಗ ಅಂತ ಅಂದುಕೊಂಡಿದ್ದು ಸಾಕ್ಷಿ ಹುಡುಕುವ ಜಾಗವೂ ಆಯಿತು.

ಒಂದೇ ಊರಿನಲ್ಲಿ ಎರಡು ಪೋಸ್ಟ್ ಯಾಕೆ ಅಂತಲೂ ಕೇಳುತ್ತಾರೆ. ರಸ್ತೆಯ ಈ ಬದಿ ಲೀಜನ್, ಆ ಬದಿ 'ವೆಟರನ್ಸ್ ಆಫ್ ಫಾರಿನ್ ವಾರ್ಸ್', ಅಂದರೆ ವಿಎಫ್‌ಡಬ್ಲ್ಯೂ. ಎರಡನೆಯದು ವಯಸ್ಸಿನಲ್ಲಿ ದೊಡ್ಡದು. ಗ್ರ್ಯಾಂಡ್ ಆರ್ಮಿಯ ಬಾಗಿಲಿಂದ ಹೊರಗುಳಿದ 1898ರ ಯುದ್ಧದವರು 1899ರಲ್ಲಿ ಒಹಾಯೋದ ಕೊಲಂಬಸ್‌ನಲ್ಲಿ ಮತ್ತು ಡೆನ್ವರ್‌ನಲ್ಲಿ ಬೇರೆ ಬೇರೆ ಸಂಘ ಕಟ್ಟಿಕೊಂಡರು, ಆಮೇಲೆ ಅವೆಲ್ಲ ಒಂದಾದವು. ಇಲ್ಲಿ ಷರತ್ತು ಬಿಗಿ. ವಿದೇಶದ ನೆಲದಲ್ಲೋ ನೀರಿನಲ್ಲೋ ಯುದ್ಧಕಾಲದ ಸೇವೆ ಮಾಡಿರಬೇಕು. ಲೀಜನ್‌ಗೆ ಯುದ್ಧದ ಅವಧಿಯಲ್ಲಿ ಸೈನ್ಯದಲ್ಲಿದ್ದರೆ ಸಾಕಿತ್ತು, ಊರು ಬಿಟ್ಟು ಹೋಗಿರಲೇಬೇಕೆಂದಿರಲಿಲ್ಲ.

ಸ್ವಭಾವವೂ ಬೇರೆ. 1924ರ ಕಾನೂನಿನಲ್ಲಿ ಮೊದಲ ಯುದ್ಧದವರಿಗೆ ಬೋನಸ್ ಅಂತ ಒಪ್ಪಿಕೊಂಡಿದ್ದರು. ದೇಶದೊಳಗಿನ ಸೇವೆಗೆ ದಿನಕ್ಕೆ 1 ಡಾಲರ್, ಹೊರಗಿನದಕ್ಕೆ ಒಂದೂಕಾಲು ಡಾಲರ್. ಆದರೆ ದುಡ್ಡು ಕೈಗೆ ಬರುವುದು 1945ಕ್ಕೆ! ಅಷ್ಟರಲ್ಲಿ ಆರ್ಥಿಕ ಕುಸಿತ ಬಂತು, ಕೆಲಸ ಹೋಯಿತು. ಈಗಲೇ ಕೊಡಿ ಅಂತ ವಿಎಫ್‌ಡಬ್ಲ್ಯೂ ಗಟ್ಟಿಯಾಗಿ ಕೇಳಿತು. ಲೀಜನ್‌ನ ಮೇಲಿನವರು 1931ರಲ್ಲಿ ಬೇಡ ಅಂದರು. 1932ರಲ್ಲಿ ಸಾವಿರಾರು ಮಾಜಿ ಸೈನಿಕರು ವಾಷಿಂಗ್ಟನ್‌ಗೆ ಹೋಗಿ ಗುಡಿಸಲು ಹಾಕಿಕೊಂಡು ಕೂತರು. ಜುಲೈ 28ರಂದು ಸೇನಾ ಮುಖ್ಯಸ್ಥ ಮ್ಯಾಕಾರ್ಥರ್ ನಡೆಸಿದ ಸೈನ್ಯವೇ ಅವರನ್ನು ಓಡಿಸಿತು. ಆ ಕೆಲವು ವರ್ಷಗಳಲ್ಲಿ ವಿಎಫ್‌ಡಬ್ಲ್ಯೂ ಸದಸ್ಯರು ದುಪ್ಪಟ್ಟಾದರು. ದುಡ್ಡು ಕೊನೆಗೂ ಬಂದಿದ್ದು 1936ರಲ್ಲಿ. ಊರಿನಲ್ಲಿ ವಿಎಫ್‌ಡಬ್ಲ್ಯೂ ಪೋಸ್ಟ್ ಹುಟ್ಟಿದ್ದು ಆ ದಶಕದಲ್ಲಾದರೆ ಕಾರಣ ಹುಡುಕಲು ಜಾಸ್ತಿ ದೂರ ಹೋಗಬೇಕಿಲ್ಲ.

ಲೀಜನ್ ಆ ತಪ್ಪನ್ನು ತಿದ್ದಿಕೊಂಡ ರೀತಿ ಮಾತ್ರ ಮೆಚ್ಚಬೇಕು. 1942ರಲ್ಲೇ, ಎರಡನೇ ಯುದ್ಧ ಇನ್ನೂ ನಡೆಯುತ್ತಿರುವಾಗಲೇ, ಸನ್ನದಿಗೆ ತಿದ್ದುಪಡಿ ತಂದು ಹೊಸ ಸೈನಿಕರಿಗೆ ಬಾಗಿಲು ತೆರೆಯಿತು. ಗ್ರ್ಯಾಂಡ್ ಆರ್ಮಿ ಮಾಡದೆ ಬಿಟ್ಟ ಕೆಲಸ ಇದು. 1943ರ ಕೊನೆಯಲ್ಲಿ ಲೀಜನ್‌ನ ಹಳೆಯ ಮುಖ್ಯಸ್ಥ, ವಕೀಲ ಹ್ಯಾರಿ ಕೋಲ್ಮರಿ ವಾಷಿಂಗ್ಟನ್‌ನ ಮೇಫ್ಲವರ್ ಹೋಟೆಲಿನಲ್ಲಿ ಕೂತು ಹೋಟೆಲಿನ ಕಾಗದದ ಮೇಲೆ ಕೈಯಲ್ಲೇ ಕರಡು ಬರೆಯಲು ಶುರುಮಾಡಿದ. ವಾಪಸ್ ಬರುವ ಸೈನಿಕರಿಗೆ ಓದು, ಮನೆ ಸಾಲ, ಕೆಲಸ ಸಿಗದವರಿಗೆ ವಾರಕ್ಕೆ 20 ಡಾಲರ್ ಭತ್ಯೆ. ಅದೇ 'ಜಿಐ ಬಿಲ್'. 1944ರ ಜೂನ್‌ನಲ್ಲಿ ಅದು ಸಮಿತಿಯಲ್ಲಿ ಒಂದು ವೋಟಿಗಾಗಿ ಸಿಕ್ಕಿಹಾಕಿಕೊಂಡಿತು. ಆ ವೋಟು ಇದ್ದಿದ್ದು ಜಾನ್ ಗಿಬ್ಸನ್ ಎಂಬ ಸಂಸದನ ಕೈಯಲ್ಲಿ, ಆತ ಇದ್ದಿದ್ದು ದೂರದ ಜಾರ್ಜಿಯಾದ ಮನೆಯಲ್ಲಿ. ಲೀಜನ್‌ನವರು ರಾತ್ರೋರಾತ್ರಿ ಆತನನ್ನು ಪತ್ತೆಹಚ್ಚಿ, ಕಾರಿನಲ್ಲಿ ಕೂರಿಸಿ ಫ್ಲಾರಿಡಾದ ಜ್ಯಾಕ್ಸನ್‌ವಿಲ್‌ವರೆಗೆ ಓಡಿಸಿ, ಅಲ್ಲಿಂದ ವಿಮಾನ ಹತ್ತಿಸಿ, ಬೆಳಿಗ್ಗೆ ಸಮಿತಿಯ ಮುಂದೆ ತಂದು ನಿಲ್ಲಿಸಿದರು. ವೋಟು ಬಿತ್ತು. ಜೂನ್ 22ಕ್ಕೆ ಅಧ್ಯಕ್ಷರ ಸಹಿಯಾಯಿತು. 1946ರಲ್ಲಿ ಲೀಜನ್ ಸದಸ್ಯರು ಸುಮಾರು 33 ಲಕ್ಷ, ಹಿಂದೆಂದೂ ಇಲ್ಲದಷ್ಟು.

ಇಲ್ಲಿಗೆ ನಿಲ್ಲಿಸಿದರೆ ಕಥೆ ಚಂದ. ಆದರೆ ಅದೇ 1944ರಲ್ಲಿ ಆರೆಗನ್ ರಾಜ್ಯದ ಹುಡ್ ರಿವರ್ ಎಂಬ ಊರಿನಲ್ಲಿ ಏನಾಯಿತು ನೋಡಿ. ಅಲ್ಲಿನ ಲೀಜನ್ ಪೋಸ್ಟ್, ನಂಬರ್ 22, ಯುದ್ಧಕ್ಕೆ ಹೋದ ಊರವರ ಹೆಸರುಗಳನ್ನು ನ್ಯಾಯಾಲಯದ ಕಟ್ಟಡದ ಗೋಡೆಯ ಮೇಲೆ ಬರೆಸಿತ್ತು. ನವೆಂಬರ್ ಕೊನೆಯಲ್ಲಿ ಅದರಿಂದ 16 ಹೆಸರು ಅಳಿಸಿಬಿಟ್ಟಿತು. ಅವರೆಲ್ಲ ಜಪಾನಿ ಮೂಲದ ಕುಟುಂಬಗಳ ಹುಡುಗರು, ಆಗಲೂ ಅಮೆರಿಕದ ಸಮವಸ್ತ್ರದಲ್ಲೇ ಇದ್ದವರು. ಅಪ್ಪ ಅಮ್ಮಂದಿರು ಸರ್ಕಾರದ ಬಂಧನ ಶಿಬಿರಗಳಲ್ಲಿ, ಮಕ್ಕಳು ಸರ್ಕಾರದ ಸೈನ್ಯದಲ್ಲಿ. ಆ ಹದಿನಾರರಲ್ಲಿ ಫ್ರ್ಯಾಂಕ್ ಹಚಿಯಾ ಒಬ್ಬ. ಹೆಸರು ಅಳಿಸಿ ಒಂದೂಕಾಲು ತಿಂಗಳಾಗುವಷ್ಟರಲ್ಲಿ ಫಿಲಿಪ್ಪೀನ್ಸ್‌ನಲ್ಲಿ ಗುಂಡೇಟು ತಿಂದು ಸತ್ತ. ದೇಶದ ಪತ್ರಿಕೆಗಳೆಲ್ಲ ಉಗಿದವು, ವಿದೇಶದಲ್ಲಿ ಹೋರಾಡುತ್ತಿದ್ದ ಸೈನಿಕರೇ ಪತ್ರ ಬರೆದು ಬೈದರು, ಲೀಜನ್‌ನ ರಾಷ್ಟ್ರೀಯ ಮುಖ್ಯಸ್ಥರೂ ಹೆಸರು ಮತ್ತೆ ಸೇರಿಸಿ ಅಂತ ಹೇಳಿದರು. 1945ರಲ್ಲಿ ಪೋಸ್ಟ್ ಹೆಸರುಗಳನ್ನು ಮತ್ತೆ ಬರೆಯಿತು. ಮೇಲಿನವರು ಇಡೀ ದೇಶದ ಸೈನಿಕರಿಗಾಗಿ ಕಾನೂನು ಮಾಡಿಸುತ್ತಿದ್ದಾಗ ಊರವರು ಪಕ್ಕದ ಮನೆಯ ಹುಡುಗನ ಹೆಸರು ಅಳಿಸುತ್ತಿದ್ದರು. ಎರಡಕ್ಕೂ ಬೋರ್ಡ್ ಒಂದೇ.

ಅದೊಂದೇ ಅಂತಲ್ಲ. ಕಪ್ಪು ಜನರನ್ನು ಸೇರಿಸಿಕೊಳ್ಳುವ ವಿಷಯವನ್ನು ಲೀಜನ್ ರಾಜ್ಯಗಳಿಗೆ ಬಿಟ್ಟಿತ್ತು. ದಕ್ಷಿಣದ ಕೆಲವು ರಾಜ್ಯಗಳು ಸೇರಿಸಿಕೊಳ್ಳಲೇ ಇಲ್ಲ, ಕೆಲವು ಕಡೆ ಅವರಿಗೆ ಬೇರೆ ಪೋಸ್ಟ್. 1919ರ ನವೆಂಬರ್ 11ರಂದು, ಶಾಂತಿಯ ಮೊದಲ ವಾರ್ಷಿಕದ ದಿನವೇ, ವಾಷಿಂಗ್ಟನ್ ರಾಜ್ಯದ ಸೆಂಟ್ರೇಲಿಯಾದಲ್ಲಿ ಲೀಜನ್ ಮೆರವಣಿಗೆಗೂ ಕಾರ್ಮಿಕ ಸಂಘದವರಿಗೂ ಹೊಡೆದಾಟವಾಗಿ ಲೀಜನ್‌ನ ನಾಲ್ವರು ಸತ್ತರು. ಅವತ್ತು ರಾತ್ರಿ ಗುಂಪೊಂದು ಕಾರ್ಮಿಕ ಸಂಘದ ವೆಸ್ಲಿ ಎವರೆಸ್ಟ್‌ನನ್ನು ಜೈಲಿನಿಂದ ಎಳೆದು ತಂದು ನೇಣು ಹಾಕಿತು. ಅವನೂ ಸೈನ್ಯದಲ್ಲಿ ಸೇವೆ ಮಾಡಿದ್ದವನೇ.

ಹೆಂಗಸರ ವಿಷಯದಲ್ಲಿ ಲೀಜನ್ ಮುಂದಿತ್ತು. ಯುದ್ಧದಲ್ಲಿ ನರ್ಸ್ ಆಗಿದ್ದವರು, ನೌಕಾಪಡೆಯ ಕಚೇರಿಗಳಲ್ಲಿ ದುಡಿದವರು ಶುರುವಿನಿಂದಲೇ ಪೂರ್ಣ ಸದಸ್ಯರು. ದೇಶದ ಎಲ್ಲ ಹೆಂಗಸರಿಗೂ ಮತದ ಹಕ್ಕು ಬರುವ ಮೊದಲೇ ಅವರು ಲೀಜನ್ ಮುಖ್ಯಸ್ಥನಿಗೆ ವೋಟು ಹಾಕಿದ್ದರು. ವಿಎಫ್‌ಡಬ್ಲ್ಯೂ ಇದನ್ನು ಮಾಡಿದ್ದು 1978ರಲ್ಲಿ.

ಹಣದ ಮಾತು ಬೇಗ ಮುಗಿಸುತ್ತೇನೆ. ಸದಸ್ಯರ ಚಂದಾದಲ್ಲಿ ಒಂದು ಪಾಲು ರಾಜ್ಯಕ್ಕೆ, ಒಂದು ಪಾಲು ಕೇಂದ್ರಕ್ಕೆ ಹೋಗುತ್ತದೆ. ಊರಿನಲ್ಲಿ ಉಳಿಯುವುದರಲ್ಲಿ ಸೂರು ಸೋರುವುದನ್ನೂ ನಿಲ್ಲಿಸಲಾಗುವುದಿಲ್ಲ. ಹಾಗಾಗಿ ಬಾರು, ಬಿಂಗೊ, ಮದುವೆಗೆ ಹಾಲ್ ಬಾಡಿಗೆ. ತೆರಿಗೆ ವಿನಾಯಿತಿ ಬೇಕಾದರೆ ಸದಸ್ಯರಲ್ಲಿ ನೂರಕ್ಕೆ 75ರಷ್ಟಾದರೂ ಹಾಲಿ ಅಥವಾ ಮಾಜಿ ಸೈನಿಕರಾಗಿರಬೇಕು. ಬಾರು ಪೋಸ್ಟನ್ನು ಉಳಿಸಿತು. ಬಾರೇ ಪೋಸ್ಟ್ ಆಗಿಬಿಟ್ಟ ಉದಾಹರಣೆಗಳಿಗೂ ಬರವಿಲ್ಲ, ಹೊಗೆ ತುಂಬಿದ ಕೋಣೆಯಲ್ಲಿ ಹಗಲೇ ಕೂತ ಮುದುಕರನ್ನು ನೋಡಿ ಹೊಸಬರು ಬಾಗಿಲಿಂದಲೇ ವಾಪಸ್ ಹೋಗುತ್ತಿದ್ದರು.

ಹೀಗೆ ವಾಪಸ್ ಹೋದವರಲ್ಲಿ ವಿಯೆಟ್ನಾಂಗೆ ಹೋಗಿ ಬಂದವರು ಜಾಸ್ತಿ. 1966ರಲ್ಲೇ ಲೀಜನ್ ಅವರಿಗೆ ಕಾಗದದ ಮೇಲೆ ಬಾಗಿಲು ತೆರೆದಿತ್ತು. ಆದರೆ ಒಳಗೆ ಕೂತವರು ಎರಡನೇ ಮಹಾಯುದ್ಧ ಗೆದ್ದವರು. ನಿಮ್ಮದೂ ಒಂದು ಯುದ್ಧವಾ ಅನ್ನುವ ಮಾತನ್ನು ಕೇಳಿಸಿಕೊಂಡು ಎದ್ದುಬಂದೆವು ಅಂತ ಹೇಳುವ ವಿಯೆಟ್ನಾಂ ಸೈನಿಕರು ಬೇಕಾದಷ್ಟು ಜನ. 1978ರಲ್ಲಿ ಅವರದೇ ಬೇರೆ ಸಂಘ ಹುಟ್ಟಿತು. ತಮಾಷೆ ಅಂದರೆ, ಅವತ್ತು ಮುಖ ತಿರುಗಿಸಿ ಹೋದ ಆ ತಲೆಮಾರಿನವರೇ ಆಮೇಲೆ ಎಷ್ಟೋ ಪೋಸ್ಟ್‌ಗಳನ್ನು ನಡೆಸಿದರು, ಇರಾಕ್ ಅಫ್ಘಾನಿಸ್ತಾನದಲ್ಲಿ ಹೋರಾಡಿ ಬಂದ ಹುಡುಗರು ಯಾಕೆ ಬರುತ್ತಿಲ್ಲ ಅಂತ ಈಗ ಅವರೇ ಕೇಳುತ್ತಾರೆ.

ನಿಯಮದಲ್ಲೂ ಒಂದು ವಿಚಿತ್ರ ಇತ್ತು. ಸಂಸತ್ತು ಗುರುತಿಸಿದ ಯುದ್ಧದ ದಿನಾಂಕಗಳ ಒಳಗೆ ಸೇವೆ ಮಾಡಿದವರಿಗೆ ಮಾತ್ರ ಲೀಜನ್ ಸದಸ್ಯತ್ವ. 1957ರಲ್ಲೋ 1978ರಲ್ಲೋ ಮಾತ್ರ ಸೈನ್ಯದಲ್ಲಿದ್ದವರು ಸೈನಿಕರಾದರೂ ಲೆಕ್ಕಕ್ಕಿಲ್ಲ, ಯಾಕೆಂದರೆ ಆ ವರ್ಷಗಳು ಸಂಸತ್ತು ಗುರುತಿಸಿದ ಯುದ್ಧದ ಅವಧಿಗಳ ಒಳಗೆ ಬರುತ್ತಿರಲಿಲ್ಲ. 2019ರ ಜುಲೈ 30ರಂದು ಸಹಿಯಾದ ಕಾನೂನು ಈ ಸಂದುಗಳನ್ನೆಲ್ಲ ಮುಚ್ಚಿತು. 1941ರ ಡಿಸೆಂಬರ್ 7ರಿಂದ ಇವತ್ತಿನವರೆಗೆ ಒಂದೇ ಅವಧಿ ಅಂತ ಲೆಕ್ಕ. ನೂರು ವರ್ಷಕ್ಕೆ ಬಾಗಿಲು ಪೂರ್ತಿ ತೆರೆಯಿತು, ಸದಸ್ಯರ ಸಂಖ್ಯೆ 20 ಲಕ್ಷಕ್ಕಿಂತ ಕೆಳಗಿಳಿದ ಮೇಲೆ.

ಇಷ್ಟಾದರೂ ಸಣ್ಣ ಊರುಗಳಲ್ಲಿ ಒಂದು ಕೆಲಸಕ್ಕೆ ಪೋಸ್ಟ್ ಬೇಕೇ ಬೇಕು. ಮಾಜಿ ಸೈನಿಕರು ಸತ್ತಾಗ ಮಣ್ಣಿಗೆ ಹೋಗಿ ಮೂರು ಸುತ್ತು ಕುಶಾಲತೋಪು ಹಾರಿಸುವುದು. 2000ದಿಂದ ಕಾನೂನಿನ ಪ್ರಕಾರ ಸೈನ್ಯ ಕನಿಷ್ಠ ಇಬ್ಬರನ್ನು ಕಳಿಸಬೇಕು. ಅವರು ಬಾವುಟ ಮಡಿಸಿ ಮನೆಯವರ ಕೈಗೆ ಕೊಡುತ್ತಾರೆ. ಬಂದೂಕಿನ ಕೆಲಸ ಹೆಚ್ಚಾಗಿ ಪೋಸ್ಟಿನ ಮುದುಕರದೇ. ಸೈನ್ಯವೇ ಹಳೇ ಎಂ-1 ರೈಫಲ್‌ಗಳನ್ನು ಇದಕ್ಕಾಗಿ ಎರವಲು ಕೊಟ್ಟಿರುತ್ತದೆ. ಒಂದೊಂದೂ ನಾಲ್ಕು ಕೆಜಿಗಿಂತ ಜಾಸ್ತಿ ತೂಕ, ಎತ್ತಿ ಹಿಡಿಯುವವರಿಗೆ ಎಪ್ಪತ್ತೈದು ಎಂಬತ್ತು ವಯಸ್ಸು.

ಕೊನೆಗೆ ಬ್ಯೂಗಲ್‌ನಲ್ಲಿ 'ಟ್ಯಾಪ್ಸ್' ಎಂಬ ವಿದಾಯದ ರಾಗ ನುಡಿಸಬೇಕು. ನುಡಿಸಲು ಬರುವವರು ಸಾಕಷ್ಟು ಜನ ಇಲ್ಲ. ಅದಕ್ಕೆ 2003ರಿಂದ ಒಂದು ಉಪಾಯ ಮಾಡಿದ್ದಾರೆ. ಬ್ಯೂಗಲ್‌ನ ಬಾಯೊಳಗೆ ಕೂರುವ ಒಂದು ಸಣ್ಣ ಯಂತ್ರ, ಅದರಲ್ಲಿ ಮೊದಲೇ ಧ್ವನಿಮುದ್ರಿಸಿದ ನಾದ. ಹಿಡಿದವರು ಗುಂಡಿ ಒತ್ತುತ್ತಾರೆ, ಬ್ಯೂಗಲ್ ತುಟಿಗಿಟ್ಟು ನೆಟ್ಟಗೆ ನಿಲ್ಲುತ್ತಾರೆ, ಕೆಲವು ಕ್ಷಣ ಕಾಯುತ್ತಾರೆ. ಆಮೇಲೆ ಶುರುವಾಗುತ್ತದೆ.